ಎಚೆವೇರಿಯಾ: ಧಾರವಾಡದ ಜಿಟಿಜಿಟಿ ಮಳ್ಯಾಗ ಉಳಸಿ ಹೂ ಬಿಡಸೂದು ಹೆಂಗ

ನಾ ಮೊದಲ ತಂದ ಎಚೆವೇರಿಯಾ, ಅಂದ್ರ ದಪ್ಪ ಎಲಿ ಗುಚ್ಛದಂಗ ಇರೂ ಸಣ್ಣ ಗಿಡ, ಸತ್ತಿದ್ದು ಆಗಸ್ಟ್ ತಿಂಗಳದಾಗ, ಸತ್ತೈತಿ ಅಂತ ಗೊತ್ತಾಗಿದ್ದೂ ಭಾಳ ತಡಾ ಆಗಿ. ಮ್ಯಾಲಿಂದ ನೋಡಿದ್ರ ಛಲೋ ಕಮಲದ ಹೂವಿನಂಗ ಅರಳಿ ಕುಂತಿತ್ತು. ಕಿಡಕಿ ಒರಸೂಣು ಅಂತ ಕುಂಡ ಎತ್ತಿದೆ, ಕೆಳಗಿನ ಎಲಿಗೆ ಬೆರಳ ತಾಗಿತು, ಎಲಿ ಸಪ್ಪಳಿಲ್ದ ಕಳಚಿ ಕೈಯಾಗ ಬಂತು. ಗಾಜಿನಂಗ ಆರಪಾರ ಕಾಣ್ತಿತ್ತು, ಜರಾ ಒತ್ತಿದ್ರ ಒಳಗ ಬರೇ ನೀರು. ಇನ್ನೊಂದು ಮುಟ್ಟಿದೆ, ಅದೂ ಬಂತು. ಐದ ನಿಮಿಷದಾಗ ಇಡೀ ಗಿಡ ಬಿಚ್ಚಿ ತಾಟಿನ್ಯಾಗ ಬಿದ್ದಿತ್ತು, ಕುಂಡದ ನಡುವ ಕರ್ರಗ ಕೊಳತ ಒಂದ ಕಡ್ಡಿ ಅಷ್ಟ ಉಳದಿತ್ತು.

ಆಮ್ಯಾಲ ಇನ್ನೂ ಆರೇಳು ಗಿಡ ಕೊಂದೇನಿ, ಸುಳ್ಳ ಯಾಕ ಹೇಳ್ಲಿ. ಈಗ ಮನ್ಯಾಗ ನಲವತ್ತರ ಮ್ಯಾಲ ಕುಂಡ ಅದಾವ, ಅದರಾಗ ಕೆಲವು ಐದ-ಆರ ಮಳಿಗಾಲ ದಾಟಿದಾವ. ಇಷ್ಟ ವರ್ಷದಾಗ ನನಗ ತಿಳದದ್ದು ಒಂದ ಮಾತು: ಈ ಗಿಡ ಸಾಕೂದರ ಬಗ್ಗೆ ವಿಡಿಯೋದಾಗ ಹೇಳೂದು ತಪ್ಪಲ್ಲ, ಆದ್ರ ಅದು ನಮ್ಮ ಹವಾಕ್ಕ ಹೇಳಿದ್ದಲ್ಲ. ನಮ್ಮ ಕಡೆ ಈ ಗಿಡದ ಪೂರಾ ಲೆಕ್ಕ ಜೂನ್‌ನಿಂದ ಸೆಪ್ಟೆಂಬರ್ ನಾಕ ತಿಂಗಳದ ಮ್ಯಾಲ ನಿಂತೈತಿ. ಮಣ್ಣು, ಕುಂಡ, ಇಡೂ ಜಾಗಾ ಎಲ್ಲಾ ಅದನ್ನ ತಲ್ಯಾಗ ಇಟ್ಕೊಂಡ ಮಾಡಬೇಕು, ಮಳಿ ಸುರು ಆದ ಮ್ಯಾಲ ಓಡ್ಯಾಡಿದ್ರ ಆಗೂದಿಲ್ಲ.

ಈ ಗಿಡದ ಊರು ಮೆಕ್ಸಿಕೋ, ಅಲ್ಲಿಂದ ಕೆಳಗ ದಕ್ಷಿಣ ಅಮೆರಿಕಾದ ವಾಯವ್ಯ ಭಾಗದ ತನಕ ಅದಾವ, ಹೆಚ್ಚಿನವು ಎತ್ತರದ ಗುಡ್ಡದಾಗ ಬಂಡಿ ಸಂದ್ಯಾಗ ಬೆಳಿಯೂವು. ಸ್ಪೇನ್ ರಾಜರ ಸಸ್ಯ ಸಮೀಕ್ಷೆಯೊಳಗ ಗಿಡದ ಚಿತ್ರಾ ಬರದ ಅತನಾಸಿಯೋ ಎಚೆವೆರಿಯಾ ಅನ್ನೂ ಮೆಕ್ಸಿಕೋದ ಕಲಾವಿದನ ಹೆಸರನ್ನ 1828ರಾಗ ಸ್ವಿಸ್ ಸಸ್ಯಶಾಸ್ತ್ರಜ್ಞ ಡಿ ಕ್ಯಾಂಡೋಲ್ ಇದಕ್ಕ ಇಟ್ಟಾ. ಅಲ್ಲೆ ಮಳಿ ಬೀಳೂದಿಲ್ಲ ಅಂತ ತಿಳ್ಕೋಬ್ಯಾಡ್ರಿ, ಅಲ್ಲೂ ಬೀಳ್ತೈತಿ. ಆದ್ರ ಬಿದ್ದ ನೀರು ಬಂಡಿ ಮ್ಯಾಲಿಂದ ಜಾರಿ ಹೋಗ್ತೈತಿ, ಹಿಂದಿಂದ ಬಿಸಲು ಬರ್ತೈತಿ, ಬೇರು ಒಣಗ್ತಾವ. ಧಾರವಾಡದಾಗ ಪುನರ್ವಸು, ಪುಷ್ಯ ಮಳಿ ಹಿಡೀತಂದ್ರ ಎಂಟೆಂಟ ದಿನ ಸೂರ್ಯಾನ ಮಾರಿ ಕಾಣೂದಿಲ್ಲ, ಹಾಕಿದ ಅರಬಿ ಒಣಗೂದಿಲ್ಲ, ಹಪ್ಪಳಕ್ಕ ಬೂಸರ ಬರ್ತೈತಿ. ಮಳಿಗಿಂತ ಆ ಒಣಗದ ಹವಾ ಇದಕ್ಕ ವೈರಿ.

ಮೊದಲ ಗುರ್ತ ಹಿಡೀರಿ

ನರ್ಸರ್ಯಾಗ ದಪ್ಪ ಎಲಿ ಇದ್ದದ್ದಕ್ಕೆಲ್ಲಾ ‘ಸಕ್ಯುಲೆಂಟ್’ ಅಂದು ಒಂದ ರೇಟ್ ಹಚ್ಚಿ ಕೊಡ್ತಾರ. ಎಚೆವೇರಿಯಾ ಅಂದ್ರ ಎಲಿ ದಪ್ಪ, ಸುತ್ತಲೂ ಸುರುಳಿಯಂಗ ಜೋಡಿಸಿದಂಗ ಇರ್ತಾವ, ಭಾಳಷ್ಟು ಜಾತಿಗೆ ಮ್ಯಾಲ ದ್ರಾಕ್ಷಿ ಹಣ್ಣಿನ ಮ್ಯಾಲಿರೂವಂಥ ಬೂದಿ ಪುಡಿ ಇರ್ತೈತಿ. ಅದು ಧೂಳಲ್ಲ, ಗಿಡಾನ ಬಿಸಲು-ನೀರಿನಿಂದ ಕಾಯ್ಕೊಳಾಕ ಬಿಟ್ಟ ಮೇಣದ ಪುಡಿ. ಬೆರಳ ಹಚ್ಚಿದ್ರ ಅಳಸಿ ಹೋಗ್ತೈತಿ, ಆ ಎಲಿ ಮ್ಯಾಲ ಮತ್ತ ಬರೂದಿಲ್ಲ. ಅದಕ್ಕ ಕುಂಡ ಹಿಡದು ಎತ್ರಿ, ಗಿಡ ಹಿಡದಲ್ಲ.

ಇದರ ಬಳಗದಾವ ಒಂದನ್ನ ನೀವು ಸಾಲ್ಯಾಗ ಇದ್ದಾಗ ನೋಡೀರಿ. ಎಲಿ ಪುಸ್ತಕದಾಗ ಇಟ್ರ ಅಂಚಿಗೆ ಸಣ್ಣ ಸಸಿ ಬಿಡ್ತಿತ್ತಲ್ಲ, ಕಾಡಬಸಳಿ, ಅದೂ ಇದೂ ಒಂದ ಕುಟುಂಬ. ಅದರ ಗುಣಾ ಇದಕ್ಕೂ ಐತಿ, ಮುಂದ ಹೇಳ್ತೀನಿ. ಸೆಂಪರ್ವೈವಮ್ ಅನ್ನೂದು ನೋಡಾಕ ಹಿಂಗ ಇರ್ತೈತಿ, ಎಲಿ ತೆಳ್ಳಗ, ತುದಿ ಚೂಪ, ಅದಕ್ಕ ಭಾರಿ ಥಂಡಿ ಬೇಕು, ಹೂ ಬಿಟ್ಟ ಮ್ಯಾಲ ಆ ಗುಚ್ಛ ಸತ್ತ ಹೋಗ್ತೈತಿ. ಹುಬ್ಬಳ್ಳಿ ಬ್ಯಾಸಗ್ಯಾಗ ಅದಕ್ಕ ರೊಕ್ಕ ಹಾಕಬ್ಯಾಡ್ರಿ. ಎಚೆವೇರಿಯಾ ಹಂಗಲ್ಲ, ವರ್ಷಾ ಹೂ ಬಿಟ್ರೂ ಬದುಕಿರ್ತೈತಿ.

ಮೊದಲ ಸಲ ತರಾವರು ‘ಪರ್ಲೆ ವಾನ್ ನ್ಯೂರ್ನ್‌ಬರ್ಗ್’ ತರ್ರಿ, ಹೆಸರ ಹೇಳಾಕ ಬರದಿದ್ರ ‘ನೇರಳಿ-ಗುಲಾಬಿ ಬಣ್ಣದ್ದು’ ಅನ್ರಿ, ತೋರಸ್ತಾರ. ಎಲೆಗನ್ಸ್ ಸಣ್ಣದು, ಬೆಳ್ಳಗ, ಮಗ್ಗಲದಾಗ ಮರಿ ಭಾಳ ಹಾಕ್ತೈತಿ. ಪಲ್ವಿನೇಟಾಕ್ಕ ಮಕಮಲ್ಲಿನಂಥ ಕೂದಲ. ಎಚೆವೇರಿಯಾಕ್ಕೂ ಅದರ ಬಳಗದ ಗ್ರಾಪ್ಟೋಪೆಟಲಮ್‌ಗೂ ಕೂಡಿ ಹುಟ್ಟಿದ ಗ್ರಾಪ್ಟೋವೇರಿಯಾ ಸಿಕ್ರ ಕಣ್ಣ ಮುಚ್ಚಿ ತಗೋರಿ, ನಮ್ಮ ಹವಾಕ್ಕ ಭಾಳ ಗಟ್ಟಿ. ಲಾವಿ ಅಂತ ಹಾಲಿನಂಥ ಬಿಳಿದೊಂದು ಐತಿ, ಚಂದಂದ್ರ ಚಂದ, ಆದ್ರ ಎರಡ ಮಳಿಗಾಲ ಬ್ಯಾರೇದ್ದನ್ನ ಬದುಕ್ಸಿ ತೋರಸ್ರಿ, ಆಮ್ಯಾಲ ಅದರ ಆಸೆ ಮಾಡ್ರಿ.

ತರೂ ಟೈಮು ಅಕ್ಟೋಬರ್‌ನಿಂದ ಜನವರಿ. ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳಕ್ಕ ಹೋದಾಗ ಗಿಡದ ಅಂಗಡಿ ಮುಂದ ನಿಂತು ಕೈ ತಡಿಯೂದಿಲ್ಲ ಅನ್ನೂದು ನನಗೂ ಗೊತ್ತು, ಆದ್ರ ಮೇಳ ಇರೂ ಸೆಪ್ಟೆಂಬರ್ ಸುಮಾರಿಗೆ ಇನ್ನೂ ಹವಾದಾಗ ಹಸಿ ಇರ್ತೈತಿ, ತಂದ್ರ ಭಾಳ ಹುಷಾರಿ ಬೇಕು. ಆರಿಸುವಾಗ ಗಿಡ ಜರಾ ಅಲ್ಲಾಡಿಸಿ ನೋಡ್ರಿ, ಕುತಿಗಿ ಸಡ್ಲ ಇದ್ರ ಬಿಟ್ಟಬಿಡ್ರಿ. ಎಲಿ ಸಂದ್ಯಾಗ ಅರಳಿ ಸಿಕ್ಕಂಗ ಬೆಳ್ಳಗ ಏನರ ಕಂಡ್ರೂ ಬಿಟ್ಟಬಿಡ್ರಿ. ನೀಲಿ, ಬಂಗಾರದ ಬಣ್ಣದ ಸ್ಪ್ರೇ ಹೊಡದಿದ್ದನ್ನಂತೂ ಮುಟ್ಟಬ್ಯಾಡ್ರಿ, ಬಣ್ಣದ ಕೆಳಗ ಎಲಿಗೆ ಬೆಳಕೂ ಇಲ್ಲ, ಉಸರೂ ಇಲ್ಲ.

ಮಣ್ಣಿನ ಲೆಕ್ಕ

ಅರ್ಧಾ ಗಿಡ ಉಳಿಯೂದು ಇಲ್ಲೇ. ನಮ್ಮಲ್ಲೆ ಎರಡ ನಮೂನಿ ಮಣ್ಣು, ನವಲಗುಂದ ಕಡೆ ಹೋದ್ರ ಎರಿ, ಧಾರವಾಡದ ದಕ್ಷಿಣಕ್ಕ ಕಲಘಟಗಿ ಕಡೆ ಹೋದ್ರ ಮಸಾರಿ, ಕೆಂಪು. ಎರಿ ಮಣ್ಣು ಹತ್ತಿಗೆ, ಜ್ವಾಳಕ್ಕ, ಕಡ್ಲಿಗೆ ಬಂಗಾರ, ಯಾಕಂದ್ರ ಒಂದ ಮಳಿ ಬಿದ್ರ ತಿಂಗಳಾನುಗಟ್ಲೆ ಹಸಿ ಹಿಡಕೊಂಡ ಕುಂಡ್ರತೈತಿ. ಅದ ಕಾರಣಕ್ಕ ಇದಕ್ಕ ಅದು ವಿಷ. ಹಸಿ ಆದ್ರ ಉಬ್ಬತೈತಿ, ಒಣಗಿದ್ರ ಬಿರಕ ಬಿಟ್ಟು ಸಣ್ಣ ಬೇರೆಲ್ಲಾ ಹರೀತೈತಿ. ಹೊಲದಿಂದ ತಂದ ಮಣ್ಣು ಅಂತ ಪ್ರೀತಿಲೇ ಹಾಕಬ್ಯಾಡ್ರಿ.

ನಾ ಮಾಡೂದು ಹಿಂಗ. ಒಂದ ಡಬ್ಬಿ ಕೆಂಪ ಮಣ್ಣು, ಒಂದ ಡಬ್ಬಿ ಪೂರಾ ಕೊಳತ ಹಳೇ ಎರೆಹುಳು ಗೊಬ್ಬರ, ಅದಕ್ಕ ಮೂರ ಡಬ್ಬಿ ಚೂರು. ಚೂರು ಅಂದ್ರ ಇಟ್ಟಂಗಿ ಕುಟ್ಟಿದ್ದು, ದಪ್ಪ ಉಸುಕು, ಒಂದೀಟ ಇದ್ದಲಿ, ಯಾವ್ದು ಸಿಕ್ತೈತಿ ಅದು, ಆದ್ರ ಗಾತ್ರ ಮಾತ್ರ ಜ್ವಾಳದ ಕಾಳಿನಷ್ಟು ಇರಬೇಕು, ಅದಕ್ಕಿಂತ ಸಣ್ಣದಾದ್ರ ಸಂದಿ ಮುಚ್ಚಿಬಿಡ್ತೈತಿ. ಮನಿ ಕಟ್ಟೂ ಕಡೆ ಇಟ್ಟಂಗಿ ಚೂರು ಪುಕ್ಕಟ ಸಿಗ್ತಾವ, ಸಿಮೆಂಟ್ ಹತ್ತಿದ್ದು ಬ್ಯಾಡ. ಕುಟ್ಟಿದ ಮ್ಯಾಲ ಸಾಣಿಗ್ಯಾಗ ಹಾಕಿ ಧೂಳ ತಗೀರಿ (ಅಡಗಿ ಮನಿ ಸಾಣಿಗಿ ಒಯ್ದು ನಾ ಬೈಸ್ಕೊಂಡೇನಿ, ಬ್ಯಾರೇದ ಇಟ್ಕೋರಿ). ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿದ ಉಸುಕು) ಒಂದ ಸಿಕ್ತೈತಿ ಅಂದ್ರ ಅದನ್ನ ಬಕೀಟ್‌ನ್ಯಾಗ ನಾಕೈದ ಸಲ ತೊಳೀರಿ, ಅದರಾಗಿನ ಹಿಟ್ಟಿನಂಥ ಪುಡಿ ಕುಂಡದ ತಳಕ್ಕ ಹೋಗಿ ಗಚ್ಚಿನಂಗ ಕುಂಡ್ರತೈತಿ.

ಕಲಸಿದ ಮ್ಯಾಲ ಪರೀಕ್ಷಾ ಮಾಡ್ರಿ. ಖಾಲಿ ಕುಂಡದಾಗ ಈ ಮಣ್ಣು ತುಂಬಿ ಮ್ಯಾಲಿಂದ ಒಂದ ತಂಬಗಿ ನೀರ ಸುರವ್ರಿ. ಹತ್ತ ಎಣಸೂದರೊಳಗ ತಳದಿಂದ ಸುರಿಯಾಕ ಹತ್ತಬೇಕು, ಮ್ಯಾಲ ಕೆರಿಯಂಗ ನಿಂದ್ರಬಾರ್ದು. ನಿಂತ್ರ ಇನ್ನೊಂದ ಡಬ್ಬಿ ಚೂರು ಹಾಕ್ರಿ. ಗದಗ ಕಡೆ ಇರಾವರು ಚೂರು ಎರಡೂವರಿ ಹಾಕಿದ್ರೂ ನಡೀತೈತಿ, ಅಲ್ಲೆ ಗಾಳಿ ಜೋರು, ಮಳಿ ಕಮ್ಮಿ.

ಕುಂಡದ ತಳಕ್ಕ ಎರಡಿಂಚು ಖಡಿ ಹಾಕ್ರಿ ಅಂತ ಎಲ್ಲಾರೂ ಹೇಳ್ತಾರ. ನಾ ಬಿಟ್ಟೇನಿ. ಸಣ್ಣ ಕಣದ ಮಣ್ಣಿನಿಂದ ದಪ್ಪ ಖಡಿಯೊಳಗ ನೀರ ಸರಳ ಇಳಿಯೂದಿಲ್ಲ, ಮಣ್ಣು ಪೂರಾ ತೊಯ್ಯೂತನಕ ಖಡಿ ಮ್ಯಾಲ ತಡದ ನಿಂದ್ರತೈತಿ, ಅಂದ್ರ ಹಸಿ ಬೇರಿನ ಹತ್ರಕ್ಕ ಎತ್ತಿ ಕೊಟ್ಟಂಗ ಆತು. ತೂತಿನ ಮ್ಯಾಲ ಸೊಳ್ಳಿ ಜಾಳಗಿ ತುಂಡ ಇಟ್ರ ಸಾಕು.

ಕುಂಡ, ಮತ್ತ ನೆಡೂದು

ಕುಂಬಾರರ ಮಣ್ಣಿನ ಕುಂಡ, ಬಣ್ಣಾ ಹಚ್ಚದ್ದು. ಗೋಡಿಯಿಂದ ಹಸಿ ಆರತೈತಿ. ಗಿಡದ ಅಗಲಕ್ಕಿಂತ ಒಂದ ಇಂಚು ದೊಡ್ಡದು ಸಾಕು, ನಾಕ ಇಂಚಿನ ಗಿಡಕ್ಕ ಐದ ಇಂಚಿಂದು. ದೊಡ್ಡ ಕುಂಡದಾಗ ಸಣ್ಣ ಗಿಡ ಇಟ್ರ ಬೇರಿಲ್ಲದ ಕಡೆ ಮಣ್ಣು ವಾರಗಟ್ಲೆ ಹಸಿ ಇರ್ತೈತಿ. ಚಹಾದ ಕಪ್ಪು, ಗಾಜಿನ ಬೌಲ್, ತೂತಿಲ್ಲದ್ದು ಯಾವ್ದೂ ಬ್ಯಾಡ, ಫೋಟೋಕ್ಕ ಅಷ್ಟ ಚಂದ.

ನರ್ಸರಿ ಗಿಡ ಕೋಕೋಪೀಟ್‌ನ್ಯಾಗ ಬರ್ತೈತಿ, ಅದು ತೆಂಗಿನ ನಾರಿನ ಪುಡಿ, ಅವರಿಗೆ ಸಾಗಸಾಕ ಹಗರ, ನಮಗ ಮಳ್ಯಾಗ ನೀರ ಹೀರಿದ ಸ್ಪಂಜು. ತಂದ ಎರಡ-ಮೂರ ದಿನಕ್ಕ ಗಿಡ ಹೊರಗ ತಗದು ಬೇರಿನ ಸುತ್ತ ಇರೂ ಪೀಟ್ ಬೆರಳಲೆ ಉದರಸ್ರಿ, ನಡುವಿನ ಗಂಟು ಬಿಡದಿದ್ರ ಊದಿನಕಡ್ಡೀಲೆ ಬಿಡಸ್ರಿ. ಕಂದು, ಟೊಳ್ಳ ಬೇರು ಕತ್ತರಸ್ರಿ, ಕೆಳಗ ಒಣಗಿದ ಎಲಿ ಇದ್ರ ಕೀಳ್ರಿ. ಆಮ್ಯಾಲ ನೆಳ್ಳಾಗ ಪೇಪರ್ ಮ್ಯಾಲ ಎರಡ ದಿನ ಹಂಗ ಒಗದ ಬಿಡ್ರಿ. ಗಿಡ ಮಣ್ಣಿಲ್ದ ಬಿದ್ದಿದ್ದು ನೋಡಿ ಕಳ್ಳು ಚುರುಕ್ ಅಂತೈತಿ, ಏನಾಗೂದಿಲ್ಲ. ಪಶ್ಚಿಮ ಬಂಗಾಳದ ಕಾಲಿಂಪಾಂಗ್ ಕಡಿಂದ ಆನ್‌ಲೈನ್‌ದಾಗ ತರಸೂ ಗಿಡ ಹಿಂಗ ಬೇರು ಬೋಳಾಗೇ ಪೇಪರಿನ್ಯಾಗ ಸುತ್ತಿ ವಾರಗಟ್ಲೆ ಪ್ರವಾಸ ಮಾಡಿ ಬರ್ತಾವ.

ಎರಡ ದಿನ ಆದ ಮ್ಯಾಲ ಒಣಾ ಮಣ್ಣಿನ್ಯಾಗ ನೆಡ್ರಿ, ಕೆಳಗಿನ ಎಲಿ ಮಣ್ಣಿಗೆ ತಾಗದಂಗ ಜರಾ ಎತ್ತರಕ್ಕ, ಸುತ್ತ ಇಟ್ಟಂಗಿ ಚೂರು ಹರವ್ರಿ. ನೀರ ಹಾಕಬ್ಯಾಡ್ರಿ. ನಾಕೈದ ದಿನ ತಡೀರಿ, ಹರದ ಬೇರಿನ ಗಾಯ ಒಣಗ್ಲಿ, ಆಮ್ಯಾಲ ಮೊದಲ ನೀರು.

ಬಿಸಲು

ಮುಂಜಾನೆ ಬಿಸಲು ನಾಕರಿಂದ ಆರ ತಾಸು ಸಿಗೂ ಜಾಗಾ ಹುಡಕ್ರಿ, ಮೂಡಣ ಕಡಿ ಬಾಲ್ಕನಿ ಇದ್ರ ನೀವ ಪುಣ್ಯವಂತರು. ನರ್ಸರಿ ನೆಳ್ಳಾಗಿಂದ ತಂದು ಒಮ್ಮಿಕ್ಕಲೇ ಮಾಳಗಿ ಮ್ಯಾಲ ಇಟ್ರ ಎಲಿ ಸುಟ್ಟು ಕಂದ ಕಲಿ ಬೀಳ್ತೈತಿ, ಆ ಕಲಿ ಎಲಿ ಇರೂತನಕ ಇರ್ತೈತಿ. ಮೊದಲ ಒಂದ ತಾಸು, ನಾಕ ದಿನಕ್ಕ ಎರಡ ತಾಸು, ಹಿಂಗ ಎರಡ ವಾರದಾಗ ಏರಸ್ರಿ. ಚಳಿಗಾಲದಾಗ ಪೂರಾ ಬಿಸಲಿಗೆ ಇಟ್ರ, ರಾತ್ರಿ ಥಂಡಿ ಕೂಡಿ ಅಂಚು ಕೆಂಪ-ಗುಲಾಬಿ ಆಗ್ತೈತಿ, ಡಿಸೆಂಬರ್‌ದಾಗ ನೋಡ್ರಿ ಅದರ ಚಂದ.

ಟಿವಿ ಬಾಜು, ಹಾಲ್‌ನ್ಯಾಗಿನ ಟೀಪಾಯಿ ಮ್ಯಾಲ ಇಡೂದಾದ್ರ ಎಚೆವೇರಿಯಾ ತರಬ್ಯಾಡ್ರಿ. ಹಾವೋರ್ಥಿಯಾ ತರ್ರಿ, ಅದು ಕಮ್ಮಿ ಬೆಳಕಿನ್ಯಾಗ ಸುಮ್ಮ ಇರ್ತೈತಿ.

ನೀರು ಮತ್ತ ನಮ್ಮವ್ವ

ಈ ಗಿಡ ಹಗಲಿ ಉಸರಿನ ತೂತ ಮುಚ್ಚಿ ರಾತ್ರಿ ತಗೀತೈತಿ, ಹಗಲಿ ನೀರ ಆವಿ ಆಗಬಾರ್ದು ಅಂತ ಮಾಡ್ಕೊಂಡ ಉಪಾಯ. ಎಲಿ ಅಂದ್ರ ಅದರ ಟಾಕಿ. ಟಾಕಿ ತುಂಬಿದ್ದಾಗ ಮತ್ತ ನೀರ ಬಿಟ್ರ ಏನಾಗ್ತೈತಿ, ಒಡೀತೈತಿ.

ದಿನದ ಲೆಕ್ಕ ಇಡಬ್ಯಾಡ್ರಿ, ಊದಿನಕಡ್ಡಿ ಲೆಕ್ಕ ಇಡ್ರಿ. ಸುಟ್ಟ ಉಳದ ಕಡ್ಡಿ ಮಣ್ಣಿನ್ಯಾಗ ತಳಮಟ ಚುಚ್ಚಿ ಎರಡ ನಿಮಿಷ ಬಿಟ್ಟು ತಗೀರಿ. ಕಡ್ಡಿಗೆ ಮಣ್ಣು ಹತ್ತಿದ್ರ, ಇಲ್ಲಾ ತುಟಿಗೆ ಹಚ್ಚಿದ್ರ ತಣ್ಣಗ ಅನಸಿದ್ರ, ಇನ್ನೂ ಬ್ಯಾಡ. ಪೂರಾ ಒಣಾ ಬಂತು, ಮ್ಯಾಲ ಕೆಳಗಿನ ಎಲಿ ಜರಾ ಮೆತ್ತಗಾಗಿ ಸಣ್ಣ ನೆರಗಿ ಬಿತ್ತು ಅಂದ್ರ ಹಾಕ್ರಿ, ತಳದಿಂದ ಹರಿಯೂತನಕ ಹಾಕ್ರಿ, ಚಿಮುಕ್ಸೂದಲ್ಲ. ತಾಟಿನ್ಯಾಗ ನಿಂತ ನೀರ ಚೆಲ್ರಿ. ನನ್ನ ಕಡೆ ಅಕ್ಟೋಬರ್‌ನಿಂದ ಫೆಬ್ರವರಿ ಇದು ಎಂಟ-ಹತ್ತ ದಿನಕ್ಕೊಮ್ಮೆ ಬರ್ತೈತಿ, ಬ್ಯಾಸಗ್ಯಾಗ ವಾರಕ್ಕೊಮ್ಮೆ ಸಂಜಿಕ, ಮಳಿಗಾಲದಾಗ ಮೂರ ವಾರಾದ್ರೂ ಕೆಲವಕ್ಕ ಬೇಕಾಗೂದಿಲ್ಲ. ಬಾಟಲಿ ಮುಚ್ಚಳಕ್ಕ ತೂತ ಮಾಡಿ ಎಲಿ ಕೆಳಗ ಮಣ್ಣಿಗಷ್ಟ ಬಿಡ್ರಿ. ನಡುವಿನ ಸುಳಿಯೊಳಗ ನೀರ ನಿಂತ್ರ ಬಾಯಿಲೆ ಊದಿ ತಗೀರಿ, ಇಲ್ಲಾ ಟಿಶ್ಯೂ ಮೂಲಿ ಹಚ್ಚಿ ಹೀರಸ್ರಿ.

ಮುಖ್ಯ ಮಾತು: ಬಾಯಾರಿದ ಎಲಿ ನೆರಗಿ ಬೀಳ್ತೈತಿ, ನೀರ ಹೆಚ್ಚಾದ ಎಲಿ ಹಳದಿ ಆಗಿ ಆರಪಾರ ಕಾಣ್ತೈತಿ. ಎರಡೂ ಮೆತ್ತಗ ಅನಸ್ತಾವ, ಅದಕ್ಕ ಮಂದಿ ಎಡವತಾರ, ಹೆಚ್ಚಾದದ್ದಕ್ಕ ಮತ್ತ ನೀರ ಹಾಕ್ತಾರ.

ಬೋರಿನ ನೀರ ಹಾಕಿದ್ರ ಕುಂಡದ ಮೈಮ್ಯಾಲ, ಮಣ್ಣಿನ ಮ್ಯಾಲ ಬೆಳ್ಳಗ ಉಪ್ಪು ಕಟ್ಟತೈತಿ. ನಳದಾಗ ಮಲಪ್ರಭಾ ನೀರ ಬಂದ ದಿನಾ ಒಂದ ಕ್ಯಾನ್ ತುಂಬಿ ಬ್ಯಾರೆ ಇಡ್ರಿ, ಮಳಿ ನೀರ ಹಿಡದ ಇಟ್ರ ಇನ್ನೂ ಛಲೋ. ವಿಚಿತ್ರ ಅಂದ್ರ ಗಿಡಾನ ಮಳಿಯಿಂದ ಕಾಯ್ಕೊಂಡು, ಮತ್ತ ಅದ ಮಳಿ ನೀರ ಕುಡಸೂದು.

ಇನ್ನ ನಮ್ಮವ್ವ. ಮುಂಜಾನೆ ತುಳಸಿಗೆ ನೀರ ಹಾಕಿ ತಂಬಗ್ಯಾಗ ಉಳದದ್ದನ್ನ ಬರೂ ದಾರ್ಯಾಗ ಇವಕ್ಕೆಲ್ಲಾ ಪಾಲ ಹಂಚಿದಂಗ ಹಾಕ್ಕೋಂತ ಬರ್ತಿದ್ಳು. ಬ್ಯಾಡ ಬೇ ಅಂದ್ರ, ‘ಹೋಗೋ, ಬಾಯಿಲ್ದ ಜೀವ ಅದು, ಕೇಳ್ಕೊಂತ ಬರ್ತೈತೇನು?’ ಅಂತಿದ್ಳು. ಎರಡ ವರ್ಷ ವಾದಾ ಮಾಡಿ ಸೋತು, ಕಡೀಕ ಅಕಿಗಂತ ಬ್ಯಾರೆ ಐದ ಪುದೀನ ಕುಂಡ ತಂದು ದಾರ್ಯಾಗ ಇಟ್ಟೆ, ಆ ನೀರ ಈಗ ಅವಕ್ಕ ಹೋಗ್ತೈತಿ. ನಿಮ್ಮ ಮನ್ಯಾಗೂ ಇಂಥಾ ಒಬ್ಬರು ಇದ್ದ ಇರ್ತಾರ, ಅವರಿಗೂ ಕೆಲಸಾ ಹುಡಕಿ ಕೊಡ್ರಿ.

ಗೊಬ್ಬರ ಬೇಕಂದ್ರ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮ ಇದ್ದದ್ದು) ನೀರಿನ್ಯಾಗ ಕರಗೂದು, ಲೀಟರಿಗೆ ಅರ್ಧ ಗ್ರಾಂ, ದೀಪಾವಳಿ ಆದ ಮ್ಯಾಲೊಮ್ಮೆ, ಸಂಕ್ರಮಣ ಆದ ಮ್ಯಾಲೊಮ್ಮೆ. ಅದಕ್ಕಿಂತ ಹೆಚ್ಚು ಹಾಕಿದ್ರ ಎಲಿ ಉಬ್ಬಿ ಬಣ್ಣಾ ಹೋಗ್ತೈತಿ.

ಮಿರಗದಿಂದ ಹಸ್ತದ ತನಕ

ಜೂನ್ ಮೊದಲ ವಾರ, ಮಿರಗ ಕೂಡೂದರೊಳಗ, ಎಲ್ಲಾ ಕುಂಡ ಮ್ಯಾಲ ಹೊದಿಕಿ ಇರೂ ಜಾಗಾಕ್ಕ ಬರಬೇಕು. ಹೊದಿಕಿ ಅಂದ್ರ ಕತ್ತಲ ಕೋಲಿ ಅಲ್ಲ. ಮ್ಯಾಲ ಮಳಿ ತಡೀಬೇಕು, ಬೆಳಕ ಬರಬೇಕು, ನಾಕೂ ಕಡಿಂದ ಗಾಳಿ ಆಡಬೇಕು. ನಾ ಮಾಳಗಿ ಮ್ಯಾಲ ಕಬ್ಬಿಣದ ರ್‍ಯಾಕಿನ ಮ್ಯಾಲ ಆರಪಾರ ಕಾಣೂ ಪಾಲಿಕಾರ್ಬೊನೇಟ್ ಶೀಟು ಇಳಿಜಾರ ಮಾಡಿ ಹಾಕಿಸೇನಿ, ಮುಂದ ಎರಡ ಫೂಟ ಚಾಚಿ. ಧಾರವಾಡದ ಮಳಿ ಸೀದಾ ಬೀಳೂದಿಲ್ಲ, ಪಡುವಲಿಂದ ಓರಿ ಆಗಿ ಹೊಡೀತೈತಿ, ಅದಕ್ಕ ಆ ಕಡೆ ಒಂದ ಪರದೆ ಬೇಕಾಗ್ತೈತಿ, ಪೂರಾ ಮುಚ್ಚಬ್ಯಾಡ್ರಿ ಮತ್ತ. ಶೀಟ್ ಇಲ್ಲಂದ್ರ ಪಡಸಾಲಿ ಕಟ್ಟಿ, ಕಿಡಕಿ ಛಜ್ಜಾದ ಕೆಳಗೂ ನಡೀತೈತಿ.

ಕುಂಡ ನೆಲದ ಮ್ಯಾಲ ಬ್ಯಾಡ, ಒಂದಕ್ಕೊಂದು ತಾಗಬಾರ್ದು, ನಡುವ ಕೈ ಹೋಗೂವಷ್ಟ ಸಂದಿ ಇರಲಿ. ಮಿರಗದ ಮುಂಚೆ ಒಂದ ದಿನಾ ಕುಂತು ಕೆಳಗಿನ ಒಣಾ ಎಲಿ ಎಲ್ಲಾ ಕಿತ್ತ ತಗೀರಿ, ಅವು ತೊಯ್ದು ಕುತಿಗಿಗೆ ಅಂಟಿದ್ರ ಕೊಳೆರೋಗ ಅಲ್ಲಿಂದನ ಸುರು. ಬೂಸರದ ಔಷಧಾ ಹೊಡಿಯಾವರು ಕಾರ್ಬೆಂಡಾಜಿಮ್-ಮ್ಯಾಂಕೋಜೆಬ್ ಕೂಡಿದ ಪುಡಿ ಲೀಟರಿಗೆ 2 ಗ್ರಾಂ ಕಲಸಿ ಮಳಿ ಸುರು ಆಗೂ ಮುಂಚೆ ಒಮ್ಮೆ ಹೊಡೀರಿ, ಕೈಗೆ ಗ್ಲೌಸ್, ಮಾರಿಗೆ ಮಾಸ್ಕ್ ಹಾಕ್ಕೊಂಡು, ಹುಡುಗರನ್ನ ದೂರ ಇಟ್ಟು. ನಾ ಎರಡ ವರ್ಷದಿಂದ ಹೊಡದಿಲ್ಲ, ಗಾಳಿ ಸರಿ ಇದ್ರ ಅದರ ಜರೂರತ್ತ ಕಮ್ಮಿ.

ಆರಿದ್ರಾದಿಂದ ಆಶ್ಲೇಷಾ ತನಕ ನೀರ ಕೇಳಿದ್ರೂ ಕೊಡಾಕ ಹೋಗಬ್ಯಾಡ್ರಿ, ಎಲಿ ನೆರಗಿ ಬಿದ್ರೂ ಇರಲಿ, ಬಾಯಾರಿದ್ದು ಎರಡ ದಿನದಾಗ ಚೇತರಸ್ತೈತಿ, ಕೊಳತದ್ದು ಚೇತರಸೂದಿಲ್ಲ. ಬಿಸಲು ಬಿದ್ದ ಎರಡ ದಿನ ನೋಡಿ, ಕುಂಡ ಎತ್ತಿ ಹಗರ ಅನಸಿದ್ರ, ಒಂದ ಅರ್ಧ ಗ್ಲಾಸ್. ವಾರಕ್ಕೆರಡ ಸಲ ಪ್ರತಿ ಗಿಡದ ಕುತಿಗಿ ಬಗ್ಗಿ ನೋಡ್ರಿ. ಒಂದ ಎಲಿ ಹಳದಿ ಆಗಿ ಆರಪಾರ ಕಂಡ್ರ ಕಾಯಬ್ಯಾಡ್ರಿ, ಅವತ್ತ ಕುಂಡದಿಂದ ಕೀಳ್ರಿ.

ಕಿತ್ತ ಮ್ಯಾಲ ಬೇರು ನೋಡ್ರಿ. ಬೇರಷ್ಟ ಕೊಳತಿದ್ರ ಬೇರು ಕತ್ತರಸಿ ನಾಕ ದಿನ ಒಣಗಸ್ರಿ. ಕಾಂಡ ಕರ್ರಗಾಗಿದ್ರ ಬ್ಲೇಡ್ ಸ್ಪಿರಿಟ್‌ಲೆ ಒರಸಿ ಕೆಳಗಿಂದ ತೆಳ್ಳಗ ತೆಳ್ಳಗ ಸವತಿಕಾಯಿ ಹೆಚ್ಚಿದಂಗ ಕೊಯ್ಕೋಂತ ಹೋಗ್ರಿ, ಪ್ರತಿ ಸಲ ಬ್ಲೇಡ್ ಒರಸ್ರಿ. ಕೊಯ್ದ ಮಾರಿಯೊಳಗ ಕಂದು ಚುಕ್ಕಿ, ಕಂದು ಉಂಗುರ ಇರೂತನಕ ನಿಂದ್ರಬ್ಯಾಡ್ರಿ. ಪೂರಾ ತಿಳಿ ಹಸರ ಬಂತು ಅಂದ್ರ ಉಳೀತು. ನನ್ನ ಒಂದ ಪರ್ಲೆಗೆ ಹಿಂಗ ಕೊಯ್ದು ಕೊಯ್ದು ಕಡೀಕ ನಡುವಿನ ಹತ್ತ ಎಲಿ ಅಷ್ಟ ಉಳದಿದ್ವು, ಒಂದ ರೂಪಾಯಿ ನಾಣ್ಯದಷ್ಟು. ಅದನ್ನ ಖಾಲಿ ಫೇಡೆ ಡಬ್ಬಿಯೊಳಗ ಒಣಾ ಪೇಪರ್ ಮ್ಯಾಲ ಇಟ್ಟು ಫ್ಯಾನಿನ ಕೆಳಗ ಇಟ್ಟೆ. ಗಣಪತಿ ಹಬ್ಬಕ್ಕ ಗುಲಾಬಿ ಬಣ್ಣದ ಬೇರು ಬಂದ್ವು, ಈಗ ಅದ ಗಿಡ ನನ್ನ ಅಂಗೈಗಿಂತ ದೊಡ್ಡದೈತಿ. ಕೊಯ್ದ ಜಾಗಾಕ್ಕ ಅರಿಶಿಣಾ ಹಚ್ರಿ, ದಾಲ್ಚಿನ್ನಿ ಹಚ್ರಿ ಅಂತಾರ, ಹಚ್ಚಿದ್ರ ತಪ್ಪಿಲ್ಲ, ಆದ್ರ ಕೆಲಸಾ ಮಾಡೂದು ಒಣಾ ಗಾಳಿ.

ಧಾರವಾಡದಾಗ ವರ್ಷಕ್ಕ ಸರಾಸರಿ 800 ಮಿಲಿಮೀಟರಿನ ಆಸುಪಾಸು ಮಳಿ, ಗದಗಿನ್ಯಾಗ 600 ಚಿಲ್ಲರೆ. ನನ್ನ ತಂಗಿ ಗದಗಿನ್ಯಾಗ ಇರ್ತಾಳ, ಇಲ್ಲಿಂದನ ಒಯ್ದ ಮರಿಗಳನ್ನ ಅಕಿ ಬರೇ ಛಜ್ಜಾದ ಕೆಳಗ ಇಟ್ಟ ಬಿಟ್ಟಾಳ, ಒಂದೂ ಸತ್ತಿಲ್ಲ. ಹಾವೇರಿ ಜಿಲ್ಲಾದಾಗೂ ಹಿಂಗ, ರಾಣೆಬೆನ್ನೂರಾವರಿಗೆ ಇಷ್ಟ ತ್ರಾಸಿಲ್ಲ, ಹಾನಗಲ್ಲ ಕಡ್ಯಾವರು ನನಗಿಂತ ಹುಷಾರಿ ಇರಬೇಕು.

ಹಸ್ತ ಮುಗದು ಸೀಗಿ ಹುಣ್ಣಿವಿ ಹೊತ್ತಿಗೆ ಆಕಾಶ ತಿಳಿ ಆಗ್ತೈತಿ, ಆವಾಗ ನಿಧಾನಕ ಹೊರಗ ತರ್ರಿ. ನಾಕ ತಿಂಗಳ ಮೋಡದಾಗ ಇದ್ದ ಗಿಡ, ಮತ್ತ ಬಿಸಲು ಒಂದ ತಾಸಿನಿಂದನ ಸುರು.

ಬ್ಯಾಸಗಿ

ಏಪ್ರಿಲ್‌ದಾಗ 37-38 ಡಿಗ್ರಿ ಆದಾಗ ಗಿಡ ಬೆಳಿಯೂದ ನಿಲ್ಲಸಿ ಎಲಿ ಒಳಕ್ಕ ಮುಚ್ಕೊಂಡ ಕುಂಡ್ರತೈತಿ. ಬ್ಯಾನಿ ಅಲ್ಲ ಅದು, ನಿದ್ದಿ. ಹನ್ನೊಂದರಿಂದ ನಾಕರ ತನಕ 50 ಪರ್ಸೆಂಟ್ ಹಸರ ನೆಟ್ ಕೆಳಗ ಇರಲಿ, ನೀರ ಸಂಜಿಕ. ಕಾದ ಕುಂಡಕ್ಕ ಮಧ್ಯಾಹ್ನ ನೀರ ಹಾಕಿದ್ರ ಬೇರು ಬೇಯ್ತಾವ. ಉಗಾದಿ ಆದ ಮ್ಯಾಲ ಅಡ್ಡ ಮಳಿ ಬರ್ತೈತಲ್ಲ, ಒಮ್ಮೊಮ್ಮೆ ಆಣಿಕಲ್ಲು ಬೀಳ್ತಾವ, ಒಂದ ಕಲ್ಲು ಬಿದ್ರ ಎಲಿ ಮ್ಯಾಲ ಜೀವನಪರ್ಯಂತ ಗಾಯ.

ಹುಳ

ನಮ್ಮ ಹತ್ತಿ ರೈತರಿಗೆ ಗೊತ್ತಿರೂದ ಹುಳ, ಹಿಟ್ಟಿನ ತಿಗಣಿ. ಎಲಿ ಸಂದ್ಯಾಗ, ಹೂವಿನ ದಂಟಿನ ಬುಡಕ್ಕ ಅರಳಿಯಂಗ ಕುಂಡ್ರತೈತಿ. ಇಯರ್ ಬಡ್ ಸ್ಪಿರಿಟ್‌ನ್ಯಾಗ ಅದ್ದಿ ಒಂದೊಂದಕ್ಕ ಹಚ್ರಿ, ನಾಕ ದಿನಕ್ಕೊಮ್ಮೆ ಮೂರ-ನಾಕ ಸಲ, ಯಾಕಂದ್ರ ತತ್ತಿ ಉಳದಿರ್ತಾವ. ಕುಂಡಕ್ಕ ಇರಿವಿ ಸಾಲ ಹತ್ತಿದ್ರ ತಿಗಣಿ ಐತಿ ಅಂತನ ತಿಳೀರಿ, ಅದು ಬಿಡೂ ಸಿಹಿ ನೀರಿನ ಆಸೆಕ್ಕ ಇರಿವಿ ಅದನ್ನ ಎಮ್ಮಿ ಸಾಕಿದಂಗ ಸಾಕ್ತಾವ. ಗಿಡ ಸುಮ್ಮನ ಸೊರಗಾಕ ಹತ್ತಿದ್ರ ಬೇರಿನ್ಯಾಗೂ ನೋಡ್ರಿ, ಅಲ್ಲೂ ಬೆಳ್ಳಗ ಇದ್ರ ಮಣ್ಣು ಪೂರಾ ಒಗದು ಬೇರು ತೊಳದು ಹೊಸದಾಗಿ ನೆಡ್ರಿ. ಬೇವಿನ ಎಣ್ಣಿ ಎಲಿ ಮ್ಯಾಲಿನ ಪುಡಿ ಅಳಸ್ತೈತಿ, ಹೊಡದ ಮರುದಿನಾ ಬಿಸಲಿಗಿಟ್ರ ಸುಡ್ತೈತಿ, ಹೊಡದ್ರ ಸಂಜಿಕ ಹೊಡದು ಎರಡ ದಿನ ನೆಳ್ಳಾಗ ಇಡ್ರಿ.

ಮಂಗ್ಯಾಗೋಳಿಗೆ ಮಾತ್ರ ನನ್ನ ಕಡೆ ಔಷಧಾ ಇಲ್ಲ. ತಿನ್ನೂದಿಲ್ಲ, ಕಿತ್ತು ವಾಸನಿ ನೋಡಿ ಒಗದ ಹೋಗ್ತಾವ. ರ್‍ಯಾಕಿಗೆ ಜಾಳಗಿ ಬಡಸೇನಿ.

ಉದ್ದ ಬೆಳದ್ರ, ಮರಿ ಮಾಡೂದಾದ್ರ

ಬೆಳಕ ಕಮ್ಮಿ ಆದ್ರ ಗಿಡ ಎಲಿ ನಡುವ ಅಂತರ ಬಿಟ್ಕೋಂತ ಉದ್ದಕ ಏರತೈತಿ, ಅದು ಮತ್ತ ಗಿಡ್ಡ ಆಗೂದಿಲ್ಲ. ನವೆಂಬರ್‌ದಾಗ ಗಟ್ಟಿ ಮನಸ ಮಾಡಿ ಕುತಿಗಿ ಕೊಯ್ರಿ, ಮ್ಯಾಲಿನ ಗುಚ್ಛಕ್ಕ ಒಂದ ಇಂಚು ಕಡ್ಡಿ ಬಿಟ್ಟು. ಐದ-ಆರ ದಿನ ಒಣಗಸಿ ಒಣಾ ಮಣ್ಣಿನ ಮ್ಯಾಲ ಕುಂಡ್ರಸ್ರಿ, ಎರಡರಿಂದ ನಾಕ ವಾರಕ್ಕ ಬೇರು. ಕೆಳಗ ಉಳದ ಬೋಳ ಕಡ್ಡಿ ಒಗಿಬ್ಯಾಡ್ರಿ, ಅದರ ಮಗ್ಗಲದಾಗ ಎರಡ-ಮೂರ ಮರಿ ಒಡೀತಾವ.

ಎಲಿಯಿಂದ ಮಾಡೂದು ಕಾಡಬಸಳಿ ಆಟ, ಆದ್ರ ಮರಿ ಅಂಚಿಗಲ್ಲ, ಎಲಿ ಬುಡಕ್ಕ ಬರ್ತೈತಿ. ಅದಕ್ಕ ಬುಡ ಹರೀಬಾರ್ದು. ದಪ್ಪ ಎಲಿ ಹಿಡದು ಎಡಕ್ಕ-ಬಲಕ್ಕ ಮೆಲ್ಲಕ ಅಲ್ಲಾಡಸ್ರಿ, ‘ಟಕ್’ ಅಂತ ಬರ್ತೈತಿ. ತುದಿ ಪೂರಾ ಚಂದ್ರಾಕಾರ ಇದ್ರ ಬರಾಬರಿ, ತುಂಡಾಗಿದ್ರ ಅದು ಕೋಳಿಗೆ. ನಾಕ ದಿನ ನೆಳ್ಳಾಗ ಒಣಗಸಿ, ಅಗಲ ತಾಟಿನ್ಯಾಗ ಮಣ್ಣು ಹಾಕಿ ಮ್ಯಾಲ ಸುಮ್ಮ ಮಲಗಸ್ರಿ, ಹುಗೀಬ್ಯಾಡ್ರಿ. ಬೇರು ಕಾಣೂತನಕ ನೀರ ಬ್ಯಾಡ, ಕಂಡ ಮ್ಯಾಲ ಬೇರಿನ ಕಡೆ ಅಷ್ಟ ಸ್ಪ್ರೇ. ಹತ್ತ ಎಲಿಯೊಳಗ ನನಗ ಆರೇಳು ಹತ್ತತಾವ. ಕೆಲವಕ್ಕ ಬರೇ ಬೇರು ಬಂದು ಮರಿ ಬರೂದಿಲ್ಲ, ಕೆಲವಕ್ಕ ಮರಿ ಬಂದು ಬೇರು ಬರೂದಿಲ್ಲ, ಸಂಸಾರ ಇದ್ದಂಗ. ತಾಯಿ ಎಲಿ ಪೂರಾ ಒಣಗಿ ಕಾಗದದಂಗ ಆಗೂತನಕ ಕೀಳಬ್ಯಾಡ್ರಿ, ಮರಿ ಅದನ್ನ ಕುಡದ ಬೆಳಿತೈತಿ. ಕುಂಡಕ್ಕ ಹಾಕೂವಷ್ಟ ಆಗಾಕ ಆರ ತಿಂಗಳಿಂದ ವರ್ಷ, ಮಳಿಗಾಲದಾಗ ಮಾತ್ರ ಈ ಕೆಲಸಾ ಮಾಡಬ್ಯಾಡ್ರಿ.

ಹೂ

ಗಿಡಕ್ಕ ಒಂದ-ಎರಡ ವರ್ಷ ಆಗಿ, ಚಳಿಗಾಲದ ಬಿಸಲು ಪೂರಾ ಸಿಕ್ರ, ನನ್ನ ಕಡೆ ಎಳ್ಳಅಮಾಸಿ ಸುಮಾರಿಗೆ ಎಲಿ ಸಂದ್ಯಾಗಿಂದ ಒಂದ ದಂಟು ತಲಿ ಬಗ್ಗಿಸಿ ಹೊರಗ ಬರ್ತೈತಿ. ಮೊದಲ ಮರಿ ಅಂತ ಅನಸ್ತೈತಿ, ಕೆಲವ ವಾರದಾಗ ಗೇಣುದ್ದ ಆಗಿ ಮ್ಯಾಲ ಸಣ್ಣ ಗಂಟಿ ಜೋತ ಬೀಳ್ತಾವ, ಹೊರಗ ಹವಳದ ಬಣ್ಣ, ತುದಿ ಹಳದಿ. ಅದರ ಊರಾಗ ಹಮ್ಮಿಂಗ್‌ಬರ್ಡ್ ಬಂದು ಜೇನ ಕುಡೀತಾವ, ನಮ್ಮಲ್ಲೆ ಸೂರಕ್ಕಿ ಬರ್ತಾವ, ದಂಟಿನ ಮ್ಯಾಲ ತೆಳಗ ತಲಿ ಮಾಡಿ ಜೋತು ಕುಡದ ಹೋಗ್ತಾವ. ಆವಾಗ ಕುಂಡ ತಿರಗಸಬ್ಯಾಡ್ರಿ, ದಂಟು ಬೆಳಕಿನ ಕಡೆ ವಾಲಿರ್ತೈತಿ, ತಿರಗಸಿದ್ರ ಸೊಟ್ಟಾಗ್ತೈತಿ. ಮೊಗ್ಗಿಗೆ ಹೇನು ಹತ್ತತಾವ, ಬರೇ ನೀರ ಜೋರ ಸ್ಪ್ರೇ ಹೊಡದ್ರ ಬೀಳ್ತಾವ, ಗುಚ್ಛದೊಳಗ ನೀರ ನಿಲ್ಲದಂಗ ಕುಂಡ ಓರಿ ಹಿಡೀರಿ.

ಸೊರಗಿದ ಗಿಡಕ್ಕ, ಅಂಗೈಕ್ಕಿಂತ ಸಣ್ಣ ಗಿಡಕ್ಕ ನಾಕೈದ ದಂಟು ಒಮ್ಮೆಲೇ ಬಂದ್ರ ಒಂದ ಬಿಟ್ಟು ಉಳದದ್ದು ಕತ್ತರಸ್ರಿ. ಆ ದಂಟಿನ ಮ್ಯಾಲ ಇರೂ ಸಣ್ಣ ಎಲಿ ಕಿತ್ತು ತಾಟಿನ್ಯಾಗ ಮಲಗಸಿದ್ರ ಅವಕ್ಕೂ ಮರಿ ಬರ್ತಾವ, ದೊಡ್ಡೆಲಿಯ ಜಾತಿಗೆ ಗಿಡದ ಎಲಿಗಿಂತ ಈ ದಂಟಿನ ಎಲಿನ ಛಲೋ ಹತ್ತತೈತಿ.

ಹೋದ ಜನವರ್‍ಯಾಗ ಹಿಂಗ ಕತ್ತರಸಿದ ಒಂದ ದಂಟನ್ನ ನಮ್ಮವ್ವ ಒಯ್ದು ದೇವರ ಮನ್ಯಾಗ ಬಸವಣ್ಣನ ಫೋಟೋದ ಸಂದ್ಯಾಗ ಸಿಗಸಿದ್ಳು. ನೀರಿಲ್ಲ, ಬಿಸಲಿಲ್ಲ. ಎರಡ ವಾರ ಆದ್ರೂ ಮೊಗ್ಗು ಒಂದೊಂದ ಅರಳಕೋಂತನ ಹೊಂಟಿದ್ವು. ಇದಕ್ಕ ನೀರ ಬ್ಯಾಡಂತ ಈಗರ ತಿಳೀತೇನ ಬೇ ಅಂತ ಕೇಳಿದ್ರ, ‘ತಿಳೀತು ಬಿಡು’ ಅಂದು, ಪೂಜಿ ತಂಬಗಿಯೊಳಗ ಕೈ ಅದ್ದಿ ಅದರ ಮ್ಯಾಲ ನಾಕ ಹನಿ ಚಿಮುಕ್ಸಿದ್ಳು.